ಏಡಿಗೆ ಯಾವ ವಾರ

ನನ್ನ ಗಂಡನ ಅಕ್ಕನ ಮನೆಯಲ್ಲಿ ವಾರಕ್ಕೆ ಮೂರು ದಿನ ಮಾಂಸ ಮುಟ್ಟುವುದಿಲ್ಲ. ಸೋಮವಾರ ಶಿವನದು, ಗುರುವಾರ ಮಂತ್ರಾಲಯದ ಗುರುಗಳದು, ಶನಿವಾರ ಹನುಮಪ್ಪನದು. ಆ ದಿನಗಳಲ್ಲಿ ಮಾಂಸ ಬೇಯಿಸುವ ಪಾತ್ರೆ ಹಿತ್ತಲ ಗೋಡೆಯ ಮೇಲೆ ಬೋರಲು ಬಿದ್ದಿರುತ್ತದೆ. ಅದನ್ನು ಮುಟ್ಟಿದ ಕೈ ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಇದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಯಾರ ಒಲೆಯ ಕಾನೂನು ಅವರಿಗೆ. ಆ ವಾರಗಳು ನನ್ನ ಮಗಳ ಗಂಟಲಿಗೆ ಕೈ ಹಾಕಿದ ಮೇಲೆಯೇ ನನಗೂ ಆ ಮನೆಗೂ ಎಣ್ಣೆ ಸೀಗೆಕಾಯಿ ಆದದ್ದು.

ಅಕ್ಕನ ಊರು ತುಂಗಭದ್ರೆಯ ದಂಡೆಯಲ್ಲಿ, ನಾಗಲದಿನ್ನೆಯ ಆಸುಪಾಸಿನಲ್ಲಿ. ನಾವಿರುವುದು ಆದೋನಿಯಲ್ಲಿ. ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ನಮ್ಮನೆಯವರು ಹತ್ತಿ ಮಿಲ್ಲಿನ ಕಾಟಾದಲ್ಲಿ ಕೂತು ಲಾರಿಗಳನ್ನು ತೂಗಿಸುತ್ತಾರೆ. ನಮಗೆ ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಅಕ್ಕನಿಗೆ ಮಕ್ಕಳಿಲ್ಲ. ಹಾಗಾಗಿ ನನ್ನ ಮಗಳು ಅಲ್ಲಿಗೆ ಹೋದರೆ ಅವಳ ಕಾಲು ನೆಲಕ್ಕೆ ತಾಕುವುದಿಲ್ಲ. ತಲೆ ಬಾಚುವುದೂ ಅತ್ತೆ, ತುತ್ತು ಮಾಡಿ ಬಾಯಿಗಿಡುವುದೂ ಅತ್ತೆ. ಆ ಪ್ರೀತಿಯಲ್ಲಿ ಸುಳ್ಳಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳಿಯೇನು. ಸುಳ್ಳಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಕ್ಕನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆ ಮನೆಯ ವಿಜ್ಞಾನವೆಲ್ಲ ಅವರ ಜೇಬಿನ ಪೆನ್ನಿನಲ್ಲಿದೆ, ಅದನ್ನು ಶಾಲೆಯ ಹೊರಗೆ ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಮೊದಲ ಸಲ ಆದದ್ದು ದಸರಾ ರಜೆಯಲ್ಲಿ. ಹೊಳೆ ತುಂಬಿ ಇಳಿದಿತ್ತು, ಗದ್ದೆಯ ಬದುವಿನ ತೂತುಗಳಲ್ಲಿ ಏಡಿ ಧಾರಾಳ ಸಿಗುತ್ತಿದ್ದವು. ಏಡಿ ಸಾರು ಮಾಡುವುದರಲ್ಲಿ ಅಕ್ಕನದು ಎತ್ತಿದ ಕೈ. ಕಾಲುಗಳನ್ನು ಮುರಿದು ಒರಳಿಗೆ ಹಾಕಿ ಕುಟ್ಟಿ, ಹಿಂಡಿ ರಸ ತೆಗೆದು, ಅದಕ್ಕೆ ಮೆಣಸು, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಕಾಳು ಹಾಕಿ ಕುದಿಸುತ್ತಾರೆ. ಎದೆಯಲ್ಲಿ ಕಟ್ಟಿದ ಕಫವನ್ನು ಅದು ಕರಗಿಸುತ್ತದೆ ಎಂಬುದು ಆ ಹೊಳೆಸಾಲಿನಲ್ಲಿ ಎಲ್ಲರ ನಂಬಿಕೆ. ಮಗಳಿಗೆ ಕೆಮ್ಮಿತ್ತು. ಬುಧವಾರ ಸಾಯಂಕಾಲ ಅವಳಿಗಾಗಿಯೇ ಸಾರು ಕುದಿಯಿತು, ಆದರೆ ಬಸ್ಸಿನ ಆಯಾಸಕ್ಕೆ ಹುಡುಗಿ ಉಣ್ಣದೆ ಮಲಗಿಬಿಟ್ಟಳು. ಬೆಳಗಾದರೆ ಗುರುವಾರ. ಅಕ್ಕನಿಗೆ ಸಾರು ಚೆಲ್ಲಲು ಮನಸ್ಸಿಲ್ಲ, ಗುರುವಾರ ಕೆಡಿಸಲೂ ಮನಸ್ಸಿಲ್ಲ. ಕೊನೆಗೆ ಮಗಳನ್ನು ಹಿತ್ತಲಿನಲ್ಲಿ, ಬಾವಿಕಟ್ಟೆಯ ಪಕ್ಕ ಕೂರಿಸಿ ಕೊಟ್ಟರು. ಗುರುವಾರ ಎಂಬುದು ಹೊಸ್ತಿಲಿನ ಒಳಗಡೆ ಮಾತ್ರ, ಹಿತ್ತಲಿಗೆ ಅದರ ಅಧಿಕಾರ ನಡೆಯುವುದಿಲ್ಲ ಎಂದು ಅವರೇ ತೀರ್ಮಾನ ಕೊಟ್ಟುಕೊಂಡಿದ್ದರು.

ತಟ್ಟೆ ಖಾಲಿಯಾಗುವ ಮೊದಲೇ ಮಗಳ ತುಟಿ ಊದಿದವು. ಮೈಮೇಲೆಲ್ಲ ದದ್ದು ಎದ್ದವು. ಆಮೇಲೆ ವಾಂತಿ. ಊರಿನ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಟ್ಟೆವು, ಸಂಜೆಯ ಹೊತ್ತಿಗೆ ಇಳಿಯಿತು. ಅಕ್ಕ ಮಾತ್ರ ದೇವರ ಗೂಡಿನ ಮುಂದೆ ಕೂತು ಕೆನ್ನೆ ಬಡಿದುಕೊಳ್ಳುತ್ತಿದ್ದರು.

“ನಂದೇ ತಪ್ಪವ್ವಾ,” ಎಂದರು ನನಗೆ. “ಬೇಸ್ತವಾರಂತ ಗೊತ್ತಿದ್ದೂ ಕೊಟ್ಟೆ. ಗುರುಗಳು ಆಕಿ ಮೈಮ್ಯಾಲೆ ತೋರ್ಸ್ಯಾರ.”

ಬೇಸ್ತವಾರ ಎಂದರೆ ಗುರುವಾರ. ಅಕ್ಕ ತಪ್ಪು ಒಪ್ಪಿಕೊಂಡರು ನಿಜ, ಆದರೆ ಒಪ್ಪಿಕೊಂಡದ್ದು ಬೇರೆಯೇ ತಪ್ಪನ್ನು. ಮಾರನೆಯ ದಿನವೇ ಮಗಳನ್ನು ಮಂತ್ರಾಲಯಕ್ಕೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಮುಳುಗಿಸಿ, ಪ್ರದಕ್ಷಿಣೆ ಹಾಕಿಸಿ, ಇನ್ನು ಮೇಲೆ ಗುರುವಾರ ಮೊಟ್ಟೆಯ ವಾಸನೆಯನ್ನೂ ನೋಡುವುದಿಲ್ಲ ಎಂದು ಅವಳ ಬಾಯಿಂದಲೇ ಹೇಳಿಸಿಕೊಂಡು ಬಂದರು. ನೀರಿನಲ್ಲಿ ಮುಳುಗಿದ್ದಕ್ಕೆ ಅವಳ ಕೆಮ್ಮು ಇನ್ನೂ ಜೋರಾಯಿತು.

ಎರಡನೆಯ ಸಲ ಆದದ್ದು ಚಳಿಗಾಲದಲ್ಲಿ, ನಮ್ಮ ಮನೆಯಲ್ಲಿ. ಅಕ್ಕ ಒಣಸೀಗಡಿ ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಸೇರಿಸಿ ಕುಟ್ಟಿದ ಪುಡಿ ಕಳಿಸಿದ್ದರು. ಬಿಸಿ ಜೋಳದ ರೊಟ್ಟಿಗೆ ಅದು ಹೇಳಿ ಮಾಡಿಸಿದ್ದು. ಮಗಳು ಒಂದು ಸಂಜೆ ಎಣ್ಣೆ ಹಾಕಿಕೊಂಡು ತಿಂದಳು, ಮತ್ತೆ ಅದೇ ತುಟಿ, ಅದೇ ದದ್ದು. ಈ ಸಲ ಕಣ್ಣೂ ಊದಿ ಮುಚ್ಚಿಕೊಂಡವು. ಏಡಿಗೂ ಸೀಗಡಿಗೂ ನೆಂಟಸ್ತಿಕೆ ಇದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು. ಗೊತ್ತಿರಬೇಕಾದವರು ಮೇಷ್ಟ್ರು. ಸಂಧಿಪದಿಗಳು ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಏಡಿಯ ಚಿತ್ರ ಒಂದು ಕಡೆ, ಸೀಗಡಿಯ ಚಿತ್ರ ಒಂದು ಕಡೆ ಬಿಡಿಸಿ ವರ್ಷ ವರ್ಷವೂ ಪಾಠ ಮಾಡುತ್ತಾರೆ. ಮನೆಗೆ ಬಂದು ಕೈ ಮೇಲಿನ ಸೀಮೆಸುಣ್ಣ ತೊಳೆದುಕೊಂಡರೆ ಆ ಪಾಠವೂ ತೊಳೆದುಹೋಗುತ್ತದೆ.

ಆದೋನಿಯ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಎರಡೂ ಸಲದ ಕಥೆ ಕೇಳಿ, ನಮ್ಮ ಊರಿನ ಎಲ್ಲರ ಹಾಗೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದರು: “ಇದು ಅಲರ್ಜಿ ಅಮ್ಮಾ. ಎಂಡ್ರಕಾಯ, ರೊಯ್ಯಲು ಎರಡೂ ಬಂದ್ ಮಾಡ್ರಿ. ಏಡಿ, ಸೀಗಡಿ, ಕಪ್ಪೆಚಿಪ್ಪು, ಬಸವನಹುಳ, ಯಾವುದೂ ಬಾಯಿಗೆ ಹೋಗಬಾರದು. ಎರಡು ಸಲ ಮೈಮ್ಯಾಲೆ ಬಂದೈತಿ, ಮೂರನೇ ಸಲ ಗಂಟಲಕ ಬರಬಹುದು. ಉಸಿರು ಕಟ್ಟಿದ್ರ ಕಷ್ಟ.”

ನಾನು ಅವತ್ತೇ ಅಕ್ಕನಿಗೆ ಫೋನ್ ಮಾಡಿ, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅಕ್ಕ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, “ಆಕಿ ಆ ಪುಡಿ ಯಾವ ವಾರ ತಿಂದಿದ್ಲು?” ಎಂದರು.

“ಶನಿವಾರ,” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ನೋಡು ಮತ್ತ,” ಎಂದರು ಅಕ್ಕ. “ಆ ಸಲ ಬೇಸ್ತವಾರ, ಈ ಸಲ ಶನಿವಾರ. ನಿನಗ ಇನ್ನೂ ಗೊತ್ತಾಗವಲ್ದೇನು? ಮತ್ತ ಆ ಡಾಕ್ಟರು ಬಸವನಹುಳ ಅಂತ ಯಾಕ ಅಂದ? ನಾವೇನು ಅಂಥದ್ದು ತಿನ್ನೋ ಮಂದೀನಾ?”

ಅಲ್ಲಿಗೆ ಮುಗಿಯಿತು. ಡಾಕ್ಟರ ಬಾಯಿಂದ ಬಂದ ಮಾತುಗಳಲ್ಲಿ ಅವರ ಮನಸ್ಸಿಗೆ ತಾಗಿದ್ದು ಬಸವನಹುಳ ಒಂದೇ.

ಆಮೇಲಿನ ತಿಂಗಳುಗಳಲ್ಲಿ ಈ ವಾರದ ವಿಚಾರ ಆ ಮನೆಯಲ್ಲಿ ಹಬ್ಬಿ ಬೇರು ಬಿಟ್ಟಿತು. ಫೋನ್ ಮಾಡಿದಾಗೆಲ್ಲ ಅದೇ ಮಾತು. ಏಡಿ ಹೊಳೆತಾಯಿ ಕೊಟ್ಟದ್ದು, ಅವರ ಅಜ್ಜಿ ಮುತ್ತಜ್ಜಿ ತಿಂದು ಗಟ್ಟಿಮುಟ್ಟಾಗಿ ಬದುಕಿದ್ದು, ಅದು ವಿಷವಾಗುವುದು ಹೇಗೆ. ವಾರ ತಪ್ಪಿದ್ದಕ್ಕೆ ದೇವರು ಎಚ್ಚರಿಸಿದ್ದಾನೆ ಅಷ್ಟೆ, ಸರಿಯಾದ ವಾರ ತಿಂದರೆ ಮಗುವಿಗೆ ಹತ್ತಿದ ದೋಷವೂ ಹೋಗುತ್ತದೆ. ಮೇಷ್ಟ್ರು ಇದನ್ನು ಅಲ್ಲಗಳೆಯುತ್ತಾರೆ ಎಂದುಕೊಂಡಿದ್ದೆ. ಅವರು ಅದಕ್ಕೆ ಪುಸ್ತಕದ ಬಣ್ಣ ಬಳಿದರು. ಒಂದು ದಿನ ಫೋನ್ ಕಿತ್ತುಕೊಂಡು ನನಗೇ ಪಾಠ ಶುರು ಮಾಡಿದರು:

“ಅಲರ್ಜಿ ಅಂದ್ರ ಏನವ್ವಾ, ದೇಹಕ್ಕ ಪರಿಚಯ ಇಲ್ಲದ ಪದಾರ್ಥ. ಪೋಲಿಯೋ ಹನಿ ಹಾಕ್ಸಂಗಿಲ್ಲೇನು, ಹಂಗ. ಇಷ್ಟಿಷ್ಟೇ ಕೊಟ್ಟು ಪರಿಚಯ ಮಾಡ್ಸಿದ್ರ ದೇಹ ತಾನೇ ಕಲೀತದ.”

ದೇವರಿಗೆ ಹೆದರುವ ಹೆಂಗಸು, ದೇಹಕ್ಕೆ ಟ್ಯೂಷನ್ ಹೇಳುವ ಗಂಡಸು. ಇಬ್ಬರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಪಾತ್ರೆಯ ಮುಂದೆ ಕೂತರು. ನಮ್ಮನೆಯವರನ್ನು ಕೇಳಿದರೆ, “ಅಕ್ಕ ಹೇಳೋದ್ರಾಗೂ ಏನೋ ಐತಿ, ಡಾಕ್ಟರು ಹೇಳೋದ್ರಾಗೂ ಏನೋ ಐತಿ,” ಎಂದರು. ದಿನಾ ಲಾರಿಗಟ್ಟಲೆ ಹತ್ತಿ ತೂಗಿಸುವ ಮನುಷ್ಯನಿಗೆ ಎರಡು ಮಾತಿನಲ್ಲಿ ಯಾವುದು ಭಾರ ಎಂದು ಹೇಳಲು ಆಗಲಿಲ್ಲ.

ಊರವರೂ ಕಡಿಮೆಯೇನಲ್ಲ. ಅಲರ್ಜಿ ಎಂದರೆ ಕಾರಿನಲ್ಲಿ ಓಡಾಡುವವರ ಕಾಯಿಲೆ, ಬಾಡಿಗೆ ಮನೆಯವರಿಗೆ ಅದು ಬರಬಾರದು ಎಂಬಂತೆ ನಮ್ಮ ಓಣಿಯವರು ನನ್ನ ಮುಖ ನೋಡುತ್ತಿದ್ದರು. ಹೆದ್ದಾರಿಯ ಹೋಟೆಲೊಂದರಲ್ಲಿ ಮಗಳ ಊಟದಲ್ಲಿ ಸೀಗಡಿ ಇದೆಯೇ ಎಂದು ಕೇಳಿದಾಗ ಬಡಿಸುವವನು, “ಇದ್ರ ತೆಗೆದಿಟ್ಟು ಕೊಡ್ತೀನಿ ಬಿಡ್ರಿ, ಪರ್ವಾಲೇದು,” ಎಂದ. ಅವನ ಪಾಲಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲು. ನಾನು ಮಗಳ ಕೈ ಹಿಡಿದು ಎದ್ದು ಬಂದೆ, ಮೂರು ರಸ್ತೆ ದಾಟುವವರೆಗೂ ಬೈಯುತ್ತಲೇ ಇದ್ದೆ.

ಮತ್ತೆ ಮಳೆಗಾಲ ಬಂತು. ಬಳ್ಳಾರಿಯಲ್ಲಿದ್ದ ನನ್ನ ದೊಡ್ಡಪ್ಪ ತೀರಿಕೊಂಡರು. ಸಾವಿನ ಮನೆಗೆ ಹುಡುಗಿ ಬೇಡ ಎಂದು ನಮ್ಮನೆಯವರು ಹಟ ಹಿಡಿದರು, ಶನಿವಾರ ಬೆಳಿಗ್ಗೆ ಅವಳನ್ನು ಅಕ್ಕನ ಮನೆಗೆ ಬಿಟ್ಟೆವು. ಬಿಡುವಾಗ ನಾನು ಅಕ್ಕನ ಕೈ ಹಿಡಿದು ಹೇಳಿದೆ, ಏಡಿ ಬೇಡ, ಸೀಗಡಿ ಬೇಡ, ಅವು ಬೆಂದ ಪಾತ್ರೆಯೂ ಬೇಡ.

“ಸೋಮಾರ, ಬೇಸ್ತವಾರ, ಶನಿವಾರ ಕೊಟ್ರ ನನ್ನ ಕೈ ಸೇದಿ ಹೋಗ್ಲಿ,” ಎಂದರು ಅಕ್ಕ.

“ಯಾವ ವಾರನೂ ಬ್ಯಾಡ ಅಕ್ಕಾ,” ಎಂದೆ.

“ಹೂಂ,” ಎಂದರು.

ನಮ್ಮ ಕಡೆ ಹೂಂ ಎಂದರೆ ಮಾತು ಕಿವಿಗೆ ಬಿತ್ತು ಎಂದು ಮಾತ್ರ ಅರ್ಥ. ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಭಾನುವಾರ ಬಳ್ಳಾರಿಯಿಂದ ವಾಪಸ್ಸು ಬರುವಾಗ ನಮ್ಮನೆಯವರು ಆದೋನಿಯಲ್ಲೇ ಇಳಿದುಕೊಂಡರು, ನಾನೊಬ್ಬಳೇ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಊರು ಸೇರಿದೆ. ಓಣಿಯ ತಿರುವಿಗೇ ಮೆಣಸು ಬೆಳ್ಳುಳ್ಳಿಯ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಓಡಿದೆ. ಪಡಸಾಲೆಯಲ್ಲಿ ಮಗಳು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತಿದ್ದಳು. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದ್ದರು, ಹಣೆಗೆ ಕುಂಕುಮ, ಮೈಮೇಲೆ ಹಬ್ಬದ ಲಂಗ. ದೇವರ ಮುಂದೆ ದೀಪ ಉರಿಯುತ್ತಿತ್ತು. ಅಪ್ಪಣೆ ಕೇಳಿಕೊಂಡು, ಹೊಸ ತಟ್ಟೆ ತೆಗೆದು, ಶಾಸ್ತ್ರೋಕ್ತವಾಗಿ ನನ್ನ ಮಗಳಿಗೆ ಏಡಿ ಸಾರು ಉಣ್ಣಿಸಿದ್ದರು.

ನಾನು ಹೊಸ್ತಿಲ ಮೇಲೆ ಕಾಲಿಡುತ್ತಿದ್ದಂತೆ ಅಕ್ಕ ಕೈ ಅಡ್ಡ ಹಿಡಿದರು. “ಸಾವಿನ ಮನಿಯಿಂದ ಬಂದೀ. ಮೊದಲ ಬಚ್ಚಲಕ ಹೋಗಿ ನೀರು ಹಾಕ್ಕೊಂಡು ಒಳಗ ಬಾ.”

“ಅಮ್ಮಾ, ಇವತ್ತು ಐತವಾರ,” ಎಂದಳು ಮಗಳು ನನ್ನನ್ನು ನೋಡಿ. “ಅತ್ತಿ ಹೇಳ್ಯಾಳ, ಐತವಾರ ಏನೂ ಆಗಂಗಿಲ್ಲಂತ.” ಹೇಳುತ್ತಾ ಕತ್ತು ಕೆರೆದುಕೊಳ್ಳುತ್ತಿದ್ದಳು. ಅವಳ ದನಿ ಬಾಯಲ್ಲಿ ಬಟ್ಟೆ ತುರುಕಿದಂತೆ ದಪ್ಪಗಾಗಿತ್ತು.

ಅಕ್ಕನ ಕೈ ತಳ್ಳಿ ಒಳಗೆ ಹೋದೆ. ಮಗಳನ್ನು ಎತ್ತಿಕೊಂಡಾಗ ಅವಳ ಎದೆಯೊಳಗೆ ಸುಂಯ್ ಎನ್ನುವುದು ನನಗೆ ಕೇಳಿಸಿತು. ತುಟಿಯ ಸುತ್ತ ಬಣ್ಣ ಕೆಟ್ಟಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಕೈಗಡಿಯಾರ ನೋಡುತ್ತಿದ್ದರು.

“ಗಾಬರಿ ಆಗಬ್ಯಾಡವ್ವಾ,” ಎಂದರು. “ಒಂದೇ ಸೌಟು ಕೊಟ್ಟೀವಿ. ಸ್ವಲ್ಪ ಹೊತ್ತು ಗಮನಿಸೋಣು. ದೇಹ ಕಲಿಯಾಕತ್ತೈತಿ.”

“ನಿಮ್ಮ ದೇಹಕ್ಕ ಕಲಿಸ್ರಿ ಅಣ್ಣಾರ,” ಎಂದೆ. ಇನ್ನೂ ಏನೇನೋ ಅಂದೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಎದುರು ಮನೆಯವನ ಆಟೋ ಬಾಗಿಲಲ್ಲೇ ನಿಂತಿತ್ತು. ಅವನನ್ನು ಕೂಗಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಅಕ್ಕ ಬಾಗಿಲಿಗೆ ಅಡ್ಡ ನಿಂತರು. ಅವರ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಆದರೂ ದಾರಿ ಬಿಡಲಿಲ್ಲ.

“ಈಗ ಹೊರಡಬ್ಯಾಡವ್ವಾ, ನಿನ್ನ ಕಾಲು ಬೀಳ್ತೀನಿ. ಯಮಗಂಡ ನಡದೈತಿ. ಒಂದೂವರಿ ಆದ ಕೂಡ್ಲೆ ಹೊರಡ್ರಿ. ಯಮಗಂಡದಾಗ ಕೂಸಿನ್ನ ಹೊರಗ ಒಯ್ದ್ರ ಉಳಿಯಂಗಿಲ್ಲ.”

ಒಳಗೆ ಬರಬೇಕಾದರೆ ಸ್ನಾನ, ಹೊರಗೆ ಹೋಗಬೇಕಾದರೆ ಯಮಗಂಡ. ಅವತ್ತು ನನಗೆ ಆ ಹೆಂಗಸಿನ ಮೇಲೆ ಬಂದ ಅಸಹ್ಯವನ್ನು ಹೇಗೆ ಹೇಳಲಿ. ಕೆಟ್ಟವಳಾಗಿದ್ದರೆ ಕೆಟ್ಟವಳೆಂದು ಬೈದು ಮುಗಿಸಬಹುದಿತ್ತು. ಇವರು ನನ್ನ ಮಗಳು ಬದುಕಲಿ ಎಂದೇ ಅಳುತ್ತಾ, ಅವಳು ಸಾಯುವವರೆಗೂ ಬಾಗಿಲು ಕಾಯಲು ತಯಾರಾಗಿದ್ದರು. ನಾನು ಭುಜ ಕೊಟ್ಟು ನೂಕಿದೆ. ಅವರ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಅದಕ್ಕೆ ನನಗೆ ಅವತ್ತೂ ಬೇಸರವಾಗಲಿಲ್ಲ, ಇವತ್ತೂ ಇಲ್ಲ.

ಆಟೋ ಹೊರಡುವಾಗ ಅಕ್ಕ ಬರಿಗಾಲಲ್ಲಿ ಓಡಿ ಬಂದು ಹತ್ತಿದರು. ದೊಡ್ಡ ಆಸ್ಪತ್ರೆಯಿದ್ದ ಎಮ್ಮಿಗನೂರು ಮುಟ್ಟುವವರೆಗೂ ಮಗಳ ಪಾದ ತಿಕ್ಕುತ್ತಾ ಹರಕೆ ಹೊತ್ತರು. ಶಿವನಿಂದ ಶುರುವಾಗಿ ವಾರದ ಏಳೂ ದಿನದ ದೇವರುಗಳಿಗೆ ಒಬ್ಬೊಬ್ಬರಿಗೆ ಒಂದೊಂದು. ಮಗಳು ಉಸಿರೆಳೆಯಲು ಹೆಣಗುತ್ತಾ ನನ್ನ ಸೆರಗು ಹಿಡಿದಿದ್ದಳು. ರಸ್ತೆಯ ಗುಂಡಿಗಳಲ್ಲಿ ಆಟೋ ಎದ್ದು ಬಿದ್ದಾಗ ಅವಳ ಹಿಡಿತ ಸಡಿಲವಾಗುತ್ತಿತ್ತು, ಮತ್ತೆ ಬಿಗಿಯಾಗುತ್ತಿತ್ತು. ನಾನು ಬೇರೆ ಏನನ್ನೂ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಗಳನ್ನು ನೋಡಿದ ಕೂಡಲೇ ಏನೂ ಕೇಳದೆ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಇಟ್ಟರು. ಆಮೇಲೆ ತಿರುಗಿ, “ಏನು ತಿಂದಿದ್ಲು?” ಎಂದರು.

“ಐತವಾರ ರೀ,” ಎಂದರು ಅಕ್ಕ, ನನಗಿಂತ ಮೊದಲು. “ಐತವಾರನ ಕೊಟ್ಟೀವ್ರಿ. ಏಡಿ ಸಾರು.”

“ವಾರ ಕೇಳ್ಲಿಲ್ಲ ನಾನು,” ಎಂದರು ಡಾಕ್ಟರಮ್ಮ.

ಸ್ವಲ್ಪ ಹೊತ್ತಿಗೆ ಮಗಳ ಎದೆಯ ಸದ್ದು ಇಳಿಯತೊಡಗಿತು. ಮುಖಕ್ಕೆ ಬಣ್ಣ ಬಂತು. ಇನ್ನೊಂದು ಇಂಜೆಕ್ಷನ್ ಬೇಕಾಗಲಿಲ್ಲ, ಆದರೆ ಒಂದು ರಾತ್ರಿ ಇಲ್ಲೇ ಇರಬೇಕು, ಊತ ಮತ್ತೆ ಬರಬಹುದು ಎಂದರು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಏನೋ ಹೇಳಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಹೊರಗೆ ಬಂದು ಗೋಡೆಗೊರಗಿ ಅತ್ತೆ. ಅಕ್ಕ ಬೆಂಚಿನ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದರು. ಅವರ ವಾರದ ಲೆಕ್ಕ ಪೂರ್ತಿ ಕುಸಿದು ಬಿದ್ದಿತ್ತು. ಎಂಥ ಮೊಂಡರೂ ಇಷ್ಟಕ್ಕೆ ಬುದ್ಧಿ ಕಲಿಯುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಮೇಷ್ಟ್ರು ಬೈಕಿನಲ್ಲಿ ಬಂದರು. ಮಗು ಹೇಗಿದೆ ಎಂದು ಕೇಳಿದರು, ಉಳಿಯಿತು ಎಂದು ತಿಳಿದ ಮೇಲೆ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಹೇಳಿದರು.

“ಕ್ಯಾಲೆಂಡರ್ ನೋಡ್ದೆ. ಐತವಾರನ ಹೌದು, ಆದ್ರ ಮುಂಜಾನಿಂದ ಅಮಾಸಿ ಹತ್ತಿತ್ತು.”

ಅಕ್ಕ ಸೆರಗು ತೆಗೆದರು. ಅವರ ಮುಖದ ಮೇಲೆ ಬಂದ ಸಮಾಧಾನವನ್ನು ನಾನು ನನ್ನ ಕಣ್ಣಿಂದ ನೋಡಿದೆ. ಬಹಳ ಹೊತ್ತು ಹೊತ್ತ ಹೊರೆ ಇಳಿಸಿದವರ ಹಾಗೆ ಉಸಿರು ಬಿಟ್ಟರು. ಕಿಡ್ನಿ ಬೇಕೆಂದರೆ ನನ್ನ ಮಗಳಿಗೆ ಕೊಟ್ಟಾರು ಆ ಮಹಾತಾಯಿ, ತಮ್ಮ ಪಂಚಾಂಗ ಮಾತ್ರ ಬಿಟ್ಟುಕೊಡರು.

“ಅಮಾಸಿ ಅಂತ ನಮಗ ತಿಳೀಲೇ ಇಲ್ಲಲ್ರೀ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅಮಾಸಿ ತಪ್ಪಿಸಿ ಕೊಟ್ಟಿದ್ರ ಏನೂ ಆಗ್ತಿದ್ದಿಲ್ಲವ್ವಾ,” ಎಂದರು.

ನನಗೆ ಕೂಗಾಡುವ ಶಕ್ತಿಯೂ ಉಳಿದಿರಲಿಲ್ಲ. “ಅಕ್ಕಾ,” ಎಂದೆ, “ಇನ್ನ ನಿಮ್ಮ ಮನಿಗೆ ಆಕಿ ಬರಂಗಿಲ್ಲ. ಯಾವ ವಾರನೂ ಬರಂಗಿಲ್ಲ. ಈಗ ಎದ್ದು ಹೋಗ್ರಿ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಚಪ್ಪಲಿಯಿಲ್ಲದ ಕಾಲಿನಲ್ಲೇ ಗಂಡನ ಬೈಕಿನ ಹಿಂದೆ ಕೂತು ಹೋದರು. ಸಂಜೆ ನಮ್ಮನೆಯವರು ಆದೋನಿಯಿಂದ ಬಂದು ಮಗಳ ತಲೆ ಸವರಿ, ಅಕ್ಕನಿಗೆ ಅಷ್ಟು ಖಾರವಾಗಿ ಹೇಳಬಾರದಿತ್ತು ಎಂದರು. ಅವರಿಗೂ ಒಂದು ಮಾತು ಹೇಳಿದೆ, ಆಮೇಲೆ ಅವರು ವರಾಂಡದಲ್ಲೇ ಇದ್ದರು. ಗೆದ್ದೆ ಎನಿಸಿತು ನನಗೆ. ಮಗಳು ನನ್ನವಳು, ಮುಂದೆ ಅವಳ ತಟ್ಟೆಗೆ ಏನು ಬೀಳಬೇಕೆಂದು ಹೇಳುವವಳು ನಾನೇ.

ಬೆಳಿಗ್ಗೆ ಊತ ಪೂರ್ತಿ ಇಳಿದಿತ್ತು. ಕ್ಯಾಂಟೀನಿನಿಂದ ಇಡ್ಲಿ ತಂದು ಬಿಡಿಸಿಟ್ಟೆ. ಹಸಿದಿದ್ದಳು, ಒಂದು ತುಣುಕು ಮುರಿದು ಬಾಯಿಯ ಹತ್ತಿರ ಒಯ್ದು ತಡೆದಳು.

“ಅಮ್ಮಾ, ಇವತ್ತು ಯಾವ ವಾರ?”

“ಸೋಮವಾರ,” ಎಂದೆ. “ತಿನ್ನು ಪುಟ್ಟಾ. ಇಡ್ಲಿ ಅದು, ಏನೂ ಆಗಂಗಿಲ್ಲ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ತುಣುಕನ್ನು ತಟ್ಟೆಗೆ ವಾಪಸ್ಸು ಇಟ್ಟು, ಕೈಯನ್ನು ಹೊದಿಕೆಗೆ ಒರೆಸಿಕೊಂಡಳು.

“ಅತ್ತಿಗೆ ಫೋನ್ ಮಾಡಿ ಕೇಳು,” ಎಂದಳು, “ತಿನ್ನಬೌದೇನು ಅಂತ.”